ಸಮ್ ಬರುವ ತನಕ

ಈ ತಂಬೂರಿ ನೋಡಿ, ಇವತ್ತು ಹಾಡು ಇದೆ ಅಂತ ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಹಾಡು ಇಲ್ಲ. ಇದನ್ನು ತಂದದ್ದು ಒಂದು ದಾರ ತೋರಿಸಲಿಕ್ಕೆ. ಮುಂದಿನ ಸಾಲಿನವರಿಗೆ ಕಾಣುತ್ತದೆ. ಇಗೋ, ತಂತಿಗಳನ್ನು ಹೊತ್ತ ಈ ಕುದುರೆ ಅನ್ನುವ ಪಟ್ಟಿಯ ಮೇಲೆ ಪ್ರತಿ ತಂತಿಯ ಕೆಳಗೂ ಹತ್ತಿಯ ಒಂದೊಂದು ಎಳೆ ಇದೆ. ಅಂಗಿಗೆ ಗುಂಡಿ ಹಚ್ಚುವ ದಾರವೇ ಸಾಕು. ಈ ಎಳೆಯನ್ನು ಕೂದಲಿನಷ್ಟು ಹಿಂದೆ ಮುಂದೆ ಸರಿಸಿದರೆ ನಾದ ತೆರೆದುಕೊಳ್ಳುತ್ತದೆ. ಮೀಟಿ ಬಿಟ್ಟ ಮೇಲೂ ಗುಂಯ್ ಅಂತ ಕೋಣೆ ತುಂಬುತ್ತದೆ. ನಾವು ಇದಕ್ಕೆ ಜವಾರಿ ಅನ್ನುತ್ತೇವೆ. ಈಗ ಎರಡನೇ ತಂತಿಯ ದಾರವನ್ನು ಬೇಕಂತಲೇ ಜಾಗ ತಪ್ಪಿಸುತ್ತೇನೆ. ಕೇಳಿ. ಶ್ರುತಿ ಸರಿ ಇದೆ. ಸ್ವರ ಒಂದಿಷ್ಟೂ ಇಳಿದಿಲ್ಲ. ಆದರೆ ಸದ್ದು ಮೊಂಡಾಯಿತು, ಅಲ್ವಾ?

ನಾನು ಸುಮಾರು ಎರಡು ವರ್ಷ ಹೀಗಿದ್ದೆ. ಶಾಲೆಗೆ ಹೋಗುತ್ತಿದ್ದೆ. ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಗುಳಿಗೆ ತಪ್ಪಿಸುತ್ತಿರಲಿಲ್ಲ, ನಿದ್ದೆ ಬರುತ್ತಿತ್ತು. ಕಾಗದದ ಮೇಲೆ ನಾನು ಆರಾಮ. ಒಳಗೆ ಏನೂ ಮಿಡಿಯುತ್ತಿರಲಿಲ್ಲ. ಆ ಎರಡು ವರ್ಷದ ಬಗ್ಗೆ, ಆ ದಾರ ಹೇಗೆ ಮತ್ತೆ ಜಾಗಕ್ಕೆ ಬಂತು ಅನ್ನುವುದರ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು.

ನನಗೆ ಬೈಪೋಲಾರ್ ಇದೆ. ಗೊತ್ತಾದದ್ದು 2008ರಲ್ಲಿ, ನನಗಾಗ 26 ವರ್ಷ. ಇದೇನು ಅಂತ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಮನಸ್ಸು ಎರಡು ತುದಿಗೆ ಹೋಗುವ ಕಾಯಿಲೆ ಇದು. ಒಂದು ತುದಿ ಮೇನಿಯಾ. ನಿದ್ದೆ ಬೇಡ ಅನ್ನಿಸುತ್ತದೆ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನ ಹಾಗೆ ಹೋಗುತ್ತದೆ. ಜಗತ್ತೇ ನನ್ನ ಅಂಗೈಯಲ್ಲಿ ಇದ್ದ ಹಾಗೆ. ಇನ್ನೊಂದು ತುದಿ ಡಿಪ್ರೆಶನ್. ಹಲ್ಲುಜ್ಜುವುದೂ ದೊಡ್ಡ ಕೆಲಸ. ಬೆಳಿಗ್ಗೆ ನಕ್ಕು ಸಂಜೆ ಅತ್ತವರನ್ನು ಬೈಪೋಲಾರ್ ಅಂತ ಜನ ಸುಮ್ನೆ ಕರೆಯುತ್ತಾರೆ. ಹಾಗಿರುವುದಿಲ್ಲ. ಒಂದೊಂದು ಸ್ಥಿತಿ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಿಡಿದುಕೊಳ್ಳುತ್ತದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ, ಸುಮಾರು ಇನ್ನೂರು ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಎಂದಾದರೂ ಇದು ಬಂದಿರುತ್ತದೆ. ನಮ್ಮ ಶಾಲೆಯ ಪಾಲಕರ ಸಭೆಗೆ ನಾನೂರು ಜನ ಬರುತ್ತಾರೆ. ಅಲ್ಲಿ ಇಬ್ಬರು ಇರುತ್ತಾರೆ ಅಂತಾಯಿತು. ನನ್ನನ್ನು ಬಿಟ್ಟು.

ಇವತ್ತು ಮಾರ್ಚ್ 30, ವಿಶ್ವ ಬೈಪೋಲಾರ್ ದಿನ. ಈ ದಿನವನ್ನೇ ಯಾಕೆ ಆರಿಸಿದರು ಗೊತ್ತಾ? 1853ರಲ್ಲಿ ಇದೇ ದಿನ ಚಿತ್ರಕಾರ ವಿನ್ಸೆಂಟ್ ವಾನ್ ಗೋ ಹುಟ್ಟಿದ. ಅವನಿಗೆ ಈ ಕಾಯಿಲೆ ಇದ್ದಿರಬಹುದು ಅಂತ ಅವನು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಅಂದಾಜು ಮಾಡಿದರು. ನನಗೆ ಈ ಆಯ್ಕೆ ಪೂರ್ತಿ ಒಪ್ಪಿಗೆ ಇಲ್ಲ. ಹುಚ್ಚು ಇದ್ದರೇ ಕಲೆ ಅನ್ನುವ ಮಾತಿಗೆ ಇದರಿಂದ ಬಲ ಬರುತ್ತದೆ. ಆ ಮಾತು ನನಗೆ ಬಹಳ ನಷ್ಟ ಮಾಡಿದೆ. ಅದನ್ನೇ ಮೊದಲು ಹೇಳುತ್ತೇನೆ.

ನಾನು ಒಂಬತ್ತನೇ ವಯಸ್ಸಿನಿಂದ ಹಿಂದುಸ್ತಾನಿ ಕಲಿತವಳು. ದೊಡ್ಡ ಗಾಯಕಿ ಅಲ್ಲ, ಆದರೆ ಸಂಗೀತ ಇಲ್ಲದ ದಿನ ಇರಲಿಲ್ಲ. 2013ರ ಕೊನೆಗೆ ಒಬ್ಬ ನೆಂಟರು ಮನೆಗೆ ಬಂದರು. ಈ ಕಾಯಿಲೆಗೆ ನಾನು ತೆಗೆದುಕೊಳ್ಳುವ ಲಿಥಿಯಂ ಗುಳಿಗೆ ನೋಡಿ, "ಇಷ್ಟೆಲ್ಲಾ ಗುಳಿಗಿ ನುಂಗಿದ್ರ ಹಾಡಿನ್ಯಾಗ ಭಾವ ಹೆಂಗ ಬರ್ತದ?" ಅಂದರು. ಆ ಪ್ರಶ್ನೆ ನನ್ನೊಳಗೆ ಆಗಲೇ ಇತ್ತು. ಗುಳಿಗೆ ತೆಗೆದುಕೊಂಡಾಗಿನಿಂದ ಹಾಡು ಸ್ವಲ್ಪ ಸಪ್ಪೆ ಅನ್ನಿಸುತ್ತಿತ್ತು. ಯಾರಿಗೂ ಹೇಳದೆ ಬಿಟ್ಟುಬಿಟ್ಟೆ.

ಮೊದಲು ಎಷ್ಟು ಚಂದ ಇತ್ತು ಅಂತ ನಿಮಗೆ ಹೇಳಲೇಬೇಕು. ಇದನ್ನು ಮುಚ್ಚಿಟ್ಟರೆ ಗುಳಿಗೆ ಯಾಕೆ ಬಿಡುತ್ತಾರೆ ಅಂತ ಮನೆಯವರಿಗೆ ಎಂದೂ ತಿಳಿಯುವುದಿಲ್ಲ. ಬಣ್ಣ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಫ್ಯಾನಿನ ಸದ್ದಿನಲ್ಲಿ ಷಡ್ಜ, ಅಂದರೆ ಸ, ಕೇಳುತ್ತಿತ್ತು. ಒಂದು ಬಂದಿಶನ್ನು, ಅಂದರೆ ರಾಗದಲ್ಲಿ ಕಟ್ಟಿದ ಹಾಡನ್ನು, ರಾತ್ರಿಯಿಡೀ ಇಯರ್‌ಫೋನಿನಲ್ಲಿ ಕೇಳಿದೆ, ಐವತ್ತು ಸಲ, ಅರವತ್ತು ಸಲ. ನಿಲ್ಲಿಸಲು ಆಗುತ್ತಿರಲಿಲ್ಲ. ಆಮೇಲೆ ಮೂರನೇ ರಾತ್ರಿ, ನಾಲ್ಕನೇ ರಾತ್ರಿ, ನಿದ್ದೆಯೇ ಇಲ್ಲ. ಸಾಲ ಮಾಡಿ ಎರಡು ಹಾರ್ಮೋನಿಯಂ ಕೊಂಡೆ. ನಸುಕಿನ ಮೂರು ಗಂಟೆಗೆ ಗುರುಗಳಿಗೆ ಫೋನ್ ಮಾಡಿ, ಹೊಸ ರಾಗ ಸಿಕ್ಕಿದೆ ಅಂತ ಹಾಡತೊಡಗಿದೆ. ಎಂಬತ್ತರ ಹತ್ತಿರದ ಆ ಹಿರಿಯರು ಫೋನ್ ಇಡಲಿಲ್ಲ. ನಾನು ಹಾಡಿ ಮುಗಿಸುವ ತನಕ ಕೇಳಿ, ನನ್ನ ತಂಗಿಗೆ ಫೋನ್ ಮಾಡಿದರು. ಅವರಿಗೆ ನಾನು ಋಣಿ.

ಒಂದು ತಿಂಗಳು ಆಸ್ಪತ್ರೆಯಲ್ಲಿದ್ದೆ. ಹೊರಗೆ ಬಂದು ಎಷ್ಟೋ ದಿನದ ಮೇಲೆ ಮೊಬೈಲಿನಲ್ಲಿ ಆ ರಾತ್ರಿಗಳ ರೆಕಾರ್ಡಿಂಗ್ ಸಿಕ್ಕಿತು. ನನ್ನ ಬದುಕಿನಲ್ಲೇ ಅಷ್ಟು ಚೆನ್ನಾಗಿ ಹಾಡಿರಲಿಲ್ಲ ಅಂತ ನನಗೆ ನೆನಪಿತ್ತು. ಹಚ್ಚಿ ಕೇಳಿದೆ. ಲಯ ಓಡುತ್ತಿತ್ತು. ಒಂದು ಸ್ವರದ ಮೇಲೂ ನಿಂತಿರಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದ್ದೆ. ಭಾವ ಅಂತ ನಾನು ಅಂದುಕೊಂಡದ್ದು ಬರೀ ವೇಗ ಆಗಿತ್ತು.

ಅವತ್ತಿನಿಂದ ನನಗೆ ಒಂದು ಭಯ ಹಿಡಿಯಿತು. ಬೈಪೋಲಾರ್ ಇರುವವರು ಇಲ್ಲಿದ್ದರೆ ಅವರಿಗೆ ಇದು ಗೊತ್ತು. ನನ್ನ ಸಂತೋಷವನ್ನೇ ನಾನು ನಂಬದಾದೆ. ನಗು ಬಂದರೆ, ಇದು ನಾನಾ, ಕಾಯಿಲೆಯಾ? ಕಣ್ಣು ತುಂಬಿದರೆ, ಶುರುವಾಯಿತಾ ಮತ್ತೆ? ಹೀಗೆ ಕೇಳಿ ಕೇಳಿ ಒಂದೊಂದೇ ಕಿಟಕಿ ಮುಚ್ಚಿದೆ. ಸಂಗೀತ ಕೇಳುವುದನ್ನು ಪೂರ್ತಿ ಬಿಟ್ಟೆ. ಅದೇ ವರ್ಷ ದೊಡ್ಡ ಡಿಪ್ರೆಶನ್ ಬಂತು, ಹೋಯಿತು. ಹೋದ ಮೇಲೆ ಉಳಿದದ್ದು ಆ ಮೊಂಡು ಸದ್ದು.

2015ರ ಆಗಸ್ಟಿನಲ್ಲಿ ಅವ್ವ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ನೆಂಟರು ನೋಡುತ್ತಿದ್ದರು. ಬಂದವರಿಗೆ ಚಹಾ ಮಾಡಿದೆ, ಚಾಪೆ ಹಾಸಿದೆ, ಲೆಕ್ಕ ಬರೆದೆ. "ಗಟ್ಟಿ ಹೆಣ್ಮಗಳು" ಅಂತ ಒಬ್ಬರು, "ಕಲ್ಲು ಮನಸು" ಅಂತ ಇನ್ನೊಬ್ಬರು. ನಾನು ಗಟ್ಟಿಯೂ ಇರಲಿಲ್ಲ, ಕಲ್ಲೂ ಆಗಿರಲಿಲ್ಲ. ಎಲ್ಲಿಂದ ಅಳಬೇಕು ಅಂತ ಆ ಜಾಗ ಸಿಗುತ್ತಿರಲಿಲ್ಲ.

ಈ ತಂಬೂರಿ ಅವ್ವ ಕೊಡಿಸಿದ್ದು. 1999ರಲ್ಲಿ ತನ್ನ ಎರಡು ಬಂಗಾರದ ಬಳೆ ಮಾರಿ, ನನ್ನನ್ನು ಕರೆದುಕೊಂಡು ಮಹಾರಾಷ್ಟ್ರದ ಮಿರಜಿಗೆ ಹೋಗಿದ್ದಳು. ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆಯೂ ಬಂದಿದೆ, ನೀವು ಓದಿರಬಹುದು. ಅಲ್ಲಿ ಒಂದು ಓಣಿಯ ತುಂಬ ಕುಂಬಳದ ಬುರುಡೆಗಳನ್ನು ಒಣಗಿಸಲು ತೂಗು ಹಾಕಿದ್ದು ಇನ್ನೂ ಕಣ್ಣಲ್ಲಿದೆ. ಅವ್ವನಿಗೆ ರಾಗ ತಾಳ ಗೊತ್ತಿರಲಿಲ್ಲ. ಕಾರಿಗರ ಒಂದೊಂದೇ ತಂಬೂರಿ ಮೀಟಿ ತೋರಿಸಿದಾಗ, ಇದರ ಹತ್ತಿರ ಬಂದು, "ಇದು ಉಸಿರಾಡತೈತಿ, ಇದನ್ನ ತಗೊ" ಅಂದಳು.

ಅವ್ವ ಹೋಗಿ ಹತ್ತು ತಿಂಗಳ ತನಕ ಇದು ಮುಸುಕು ಹಾಕಿಕೊಂಡು ಮೂಲೆಯಲ್ಲಿತ್ತು. ಇದನ್ನು ತೆಗೆಯಲು ಕಾರಣ ನಮ್ಮ ಡಾಕ್ಟರು. ಬೈಪೋಲಾರ್ ಇರುವವರಿಗೆ ದಿನದ ಕ್ರಮ ಬಹಳ ಮುಖ್ಯ. ಏಳುವ ಹೊತ್ತು, ಊಟದ ಹೊತ್ತು, ಮೊದಲ ಸಲ ಯಾರ ಜೊತೆಗಾದರೂ ಮಾತಾಡುವ ಹೊತ್ತು, ಮಲಗುವ ಹೊತ್ತು. ಇವು ದಿನಾ ಒಂದೇ ಆಗಿದ್ದರೆ ಮನಸ್ಸಿಗೂ ಆಧಾರ ಸಿಗುತ್ತದೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಎಲೆನ್ ಫ್ರ್ಯಾಂಕ್ ಅನ್ನುವ ವಿಜ್ಞಾನಿ ಇದರ ಮೇಲೆಯೇ ಒಂದು ಚಿಕಿತ್ಸೆ ರೂಪಿಸಿದರು. ಅದರ ಹೆಸರಿನಲ್ಲೇ ಲಯ ಅನ್ನುವ ಮಾತಿದೆ. ಡಾಕ್ಟರು ನನ್ನನ್ನು, "ದಿನಾ ಒಂದೇ ಹೊತ್ತಿಗೆ ಮಾಡುವ ಒಂದು ಕೆಲಸ ಹೇಳಿ" ಅಂದರು. ಗುಳಿಗೆ ನುಂಗುವುದು ಅಂದೆ. "ಅದು ಬಿಟ್ಟು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದಾಗ ಮೂಲೆಯ ಮುಸುಕು ಕಾಣಿಸಿತು.

ಹೀಗೆ 2016ರ ಜೂನಿನಲ್ಲಿ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಹತ್ತು ನಿಮಿಷ ತಂಬೂರಿ. ಹಾಡುವುದಿಲ್ಲ. ಪಂಚಮ, ಜೋಡಿ ಷಡ್ಜ, ಖರ್ಜ. ಮೀಟುವುದು, ಕೇಳುವುದು. ಅಷ್ಟೇ. ಲಿಥಿಯಂ ತೆಗೆದುಕೊಳ್ಳುವ ಕೆಲವರಿಗೆ ಬೆರಳು ಸಣ್ಣಗೆ ನಡುಗುತ್ತವೆ. ನನಗೂ ನಡುಗುತ್ತಿದ್ದವು. ಮೀಟಿದರೆ ತಂತಿಗೆ ಉಗುರು ತಾಗಿ ಕಿರ್ ಅನ್ನುತ್ತಿತ್ತು. ಅದನ್ನು ಡಾಕ್ಟರಿಗೆ ಹೇಳಿದೆ. ರಕ್ತ ಪರೀಕ್ಷೆ ಮಾಡಿಸಿ ಡೋಸ್ ಸ್ವಲ್ಪ ಇಳಿಸಿದರು, ನಡುಕ ಕಡಿಮೆಯಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಗುಳಿಗೆಯಿಂದ ತೊಂದರೆ ಆದಾಗ ಗುಳಿಗೆ ಬಿಡುವುದು ಮತ್ತು ಡಾಕ್ಟರಿಗೆ ಹೇಳುವುದು, ಎರಡು ದಾರಿ ಇರುತ್ತವೆ. ನಾನು ಎರಡರಲ್ಲೂ ನಡೆದು ನೋಡಿದ್ದೇನೆ.

ಸಂಗೀತದವರಿಗೆ ಇನ್ನೊಂದು ಮಾತು, ವಿಷಯ ಸ್ವಲ್ಪ ಆಚೆ ಹೋದರೂ ಹೇಳಿಬಿಡುತ್ತೇನೆ. ಕಾರ್ಬಮಜೆಪಿನ್ ಅಂತ ಒಂದು ಔಷಧಿ ಇದೆ. ಫಿಟ್ಸ್‌ಗೂ ಕೊಡುತ್ತಾರೆ, ಬೈಪೋಲಾರ್‌ಗೂ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವ ಕೆಲವರಿಗೆ ಸ್ವರಗಳು ಅರ್ಧ ಸ್ವರದಷ್ಟು ಕೆಳಗೆ ಕೇಳಿಸುತ್ತವೆ. ಜಪಾನಿನಲ್ಲಿ ಇಂಥ ಹಲವು ಪ್ರಕರಣಗಳು ವರದಿಯಾಗಿವೆ. ಔಷಧಿ ಬದಲಿಸಿದರೆ ಸರಿ ಹೋಗುತ್ತದೆ. ಯಾರಿಗಾದರೂ ಹಾಗೆ ಆದರೆ ಕಿವಿ ಕೆಟ್ಟಿತು, ತಲೆ ಕೆಟ್ಟಿತು ಅಂತ ಹೆದರಬೇಡಿ. ನಿಮ್ಮ ಡಾಕ್ಟರಿಗೆ ಈ ವಿಷಯ ಹೇಳಿ.

ಮತ್ತೆ ತಂಬೂರಿಗೆ ಬರೋಣ. ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಂಗೀತ ಕೇಳಿದ ಕೂಡಲೇ ಕಣ್ಣೀರು ಧಾರೆಯಾಗಿ ಹರಿಯಿತು ಅಂತ ನಾನು ಹೇಳಿದರೆ, ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ಕೇಳಿ, ಏನೂ ಅನ್ನಿಸದೆ, ನನಗೆ ಇದೂ ಇಲ್ಲ ಅಂತ ಇನ್ನಷ್ಟು ಕುಗ್ಗುತ್ತಾರೆ. ಒಂದು ನೋಟ್‌ಬುಕ್ ಇಟ್ಟಿದ್ದೆ. ತಂಬೂರಿ ಇಟ್ಟ ಮೇಲೆ ಅನ್ನಿಸಿದ್ದನ್ನು ಒಂದೇ ಪದದಲ್ಲಿ ಬರೆಯಬೇಕು. ಜೂನ್, ಜುಲೈ, ಆಗಸ್ಟ್ ತೆರೆದರೆ ಪುಟದ ತುಂಬ "ಏನಿಲ್ಲ", "ಏನಿಲ್ಲ", "ಏನಿಲ್ಲ".

ಸೆಪ್ಟೆಂಬರಿನಲ್ಲಿ ತಂಬೂರಿಯ ನಂತರ ಒಂದು ವಿಲಂಬಿತ ಖ್ಯಾಲ್ ಕೇಳಲು ಶುರು ಮಾಡಿದೆ. ರಾಗ ಅಹಿರ್ ಭೈರವ್, ತಾಳ ಏಕತಾಲ. ತಾಳ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಏಕತಾಲದಲ್ಲಿ ಹನ್ನೆರಡು ಮಾತ್ರೆ. ಬಹಳ ನಿಧಾನ ಹಾಡಿದರೆ ಒಂದು ಸುತ್ತಿಗೆ ಒಂದು ನಿಮಿಷದ ಹತ್ತಿರ ಬೇಕು. ಗಾಯಕರು ಎಲ್ಲೆಲ್ಲೋ ತಿರುಗಾಡಿ ಕೊನೆಗೆ ಮೊದಲ ಮಾತ್ರೆಗೆ ಬಂದು ಸೇರುತ್ತಾರೆ. ಅದೇ ಸಮ್. ತಬಲಾದಲ್ಲಿ ಹತ್ತನೇ ಮಾತ್ರೆಗೆ ತಿರಕಿಟ ಬರುತ್ತದೆ, ಆಮೇಲೆ ಧಿನ್, ನಾ, ಇನ್ನೇನು ಸಮ್. ಒಂದು ದಿನ, ತಿರಕಿಟ ಬಂದಾಗ ನನ್ನ ಕತ್ತು ಸಣ್ಣಗೆ ಮೇಲೆದ್ದಿತು. ಸಮ್ ಬಿದ್ದಾಗ ಇಳಿಯಿತು. ನಾನು ಮಾಡಿದ್ದಲ್ಲ, ತಾನಾಗಿ ಆಯಿತು. ಎರಡನೇ ಸುತ್ತಿಗೂ ಆಯಿತು. ನಾನು ಕಾಯುತ್ತಿದ್ದೆ!

ಆ ಎರಡು ವರ್ಷದಲ್ಲಿ ನಾನು ಯಾವುದಕ್ಕೂ ಕಾದಿರಲಿಲ್ಲ. ಹಬ್ಬಕ್ಕಿಲ್ಲ, ಸಂಬಳಕ್ಕಿಲ್ಲ, ತಂಗಿಯ ಹೆರಿಗೆಗೂ ಇಲ್ಲ. ಭಾವನೆ ಮರಳಿ ಬರುವುದು ಅಂದರೆ ಖುಷಿ ಬರುವುದು ಅಂತ ನಾನು ತಿಳಿದಿದ್ದೆ. ನನಗೆ ಮೊದಲು ಬಂದದ್ದು ಈ ಕಾಯುವುದು. ಇನ್ನು ಕೆಲವು ಕ್ಷಣದಲ್ಲಿ ಏನೋ ಬರಲಿದೆ, ಅದು ಬಂದರೆ ಚೆನ್ನ ಅನ್ನುವಷ್ಟು ಸಣ್ಣ ಆಸೆ.

ಆಮೇಲೆ ಓದಿದಾಗ ಒಂದು ವಿಷಯ ಸಿಕ್ಕಿತು. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಅಧ್ಯಯನ ಮಾಡಿದರು. ತಮಗೆ ಮೈ ಜುಮ್ಮೆನ್ನಿಸುವ ಸಂಗೀತವನ್ನು ಜನ ಕೇಳುತ್ತಿರುವಾಗ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಡೋಪಮಿನ್ ಅನ್ನುವ ರಾಸಾಯನಿಕ ಆಗ ಬಿಡುಗಡೆಯಾಗುತ್ತದೆ. ಆದರೆ ಒಂದು ಕಡೆ ಅಲ್ಲ, ಎರಡು ಕಡೆ. ಆ ಚಂದದ ಕ್ಷಣ ಬಂದಾಗ ಮಿದುಳಿನ ಒಂದು ಭಾಗದಲ್ಲಿ, ಅದು ಬರುವ ಮುಂಚೆ ಕಾಯುವಾಗ ಇನ್ನೊಂದು ಭಾಗದಲ್ಲಿ. ಕಾಯುವುದಕ್ಕೆ ಮಿದುಳಿನಲ್ಲಿ ಬೇರೆ ಜಾಗವೇ ಇದೆ ಅಂತಾಯಿತು. ಅದು ಆರೋಗ್ಯವಂತರ ಮೇಲೆ ಮಾಡಿದ ಅಧ್ಯಯನ, ನನ್ನಂಥವರ ಮೇಲೆ ಅಲ್ಲ. ಆದರೂ ಓದಿ ನನಗೆ ಬಹಳ ಸಮಾಧಾನವಾಯಿತು.

ನೋಟ್‌ಬುಕ್‌ಗೆ ಬರುತ್ತೇನೆ. "ಏನಿಲ್ಲ" ಆದ ಮೇಲೆ ಬಂದ ಮೊದಲ ಪದ "ಕಿರಿಕಿರಿ". ಪಕ್ಕದ ಮನೆಯ ಮಿಕ್ಸರ್ ಸದ್ದು ತಂಬೂರಿಗೆ ಅಡ್ಡ ಬಂದಿತ್ತು. ಸಿಟ್ಟು ಬಂತಲ್ಲ ಅಂತ ಸಂತೋಷಪಟ್ಟ ದಿನ ಅದು. ಆಮೇಲೆ ಒಂದೊಂದೇ ಬಂದವು. ಅಳುಕು. ಕಸಿವಿಸಿ. ಹಂಬಲ. ಒಂದು ದಿನ "ಹಳಹಳಿ" ಅಂತ ಬರೆದಿದ್ದೇನೆ. ಅದು ಅವ್ವ ಆಡುತ್ತಿದ್ದ ಪದ, ನಾನು ಎಂದೂ ಬಳಸಿರಲಿಲ್ಲ. ನೋಡಿ, ನನಗೆ ಆಸ್ಪತ್ರೆಯಲ್ಲಿ ಕೊಟ್ಟ ಚಾರ್ಟಿನಲ್ಲಿ ಅಂಕೆಗಳಿದ್ದವು. ಮೈನಸ್ 5ರಿಂದ ಪ್ಲಸ್ 5. ಅದೂ ಬೇಕು, ಇವತ್ತಿಗೂ ತುಂಬುತ್ತೇನೆ. ಆದರೆ ಕಳವಳಕ್ಕೂ ದುಗುಡಕ್ಕೂ ಮೈನಸ್ 2 ಅಂತ ಒಂದೇ ಅಂಕೆ ಹಾಕಿದರೆ ಹೇಗೆ? ಕಳವಳದಲ್ಲಿ ಎದ್ದು ಓಡಾಡಬೇಕು ಅನ್ನಿಸುತ್ತದೆ. ದುಗುಡದಲ್ಲಿ ಕೂತಲ್ಲೇ ಕೂಡಬೇಕು ಅನ್ನಿಸುತ್ತದೆ. ನಮ್ಮ ಭಾಷೆ ಇವನ್ನು ಎಷ್ಟು ಚೆನ್ನಾಗಿ ಬೇರೆ ಮಾಡಿ ಇಟ್ಟಿದೆ! ಭರತನ ನಾಟ್ಯಶಾಸ್ತ್ರದಲ್ಲಿ 33 ಸಂಚಾರಿ ಭಾವಗಳ ಪಟ್ಟಿ ಇದೆ. ಸಂಚಾರಿ, ಅಂದರೆ ಬಂದು ಹೋಗುವಂಥವು. ಭಾವ ಬಂದರೆ ಹೋಗುವುದೇ ಇಲ್ಲ ಅಂತ ಹೆದರಿದ್ದ ನನಗೆ ಆ ಹೆಸರೇ ಒಂದು ಔಷಧಿ ಆಯಿತು.

ಅಳು ಬಂದದ್ದು 2017ರ ಫೆಬ್ರವರಿಯಲ್ಲಿ. ರಾಗ ಕೇಳುವಾಗ ಅಲ್ಲ. ಶಾಲೆಯ ಕಾರ್ಯಕ್ರಮದಲ್ಲಿ ಒಂಬತ್ತನೇ ತರಗತಿಯ ಹುಡುಗಿ ಒಂದು ಬೀಸುವ ಪದ ಹಾಡಿದಳು. ಬೀಸುವ ಪದ ನಿಮಗೆ ಗೊತ್ತಲ್ಲ? ಮೂರು ಸಾಲಿನ ತ್ರಿಪದಿ, ಬೀಸುವ ಕಲ್ಲಿನ ಸುತ್ತಿಗೆ ಸರಿಯಾಗಿ ಕೂಡುವ ದಾಟಿ. ನಮ್ಮ ಮನೆಯಲ್ಲಿ ಬೀಸುವ ಕಲ್ಲು ಹೋಗಿ ಎಷ್ಟೋ ವರ್ಷ ಆಗಿತ್ತು. ಆದರೆ ಅವ್ವ ಅಕ್ಕಿ ಆರಿಸುವಾಗ ಅದೇ ದಾಟಿಯಲ್ಲಿ ಗುನುಗುತ್ತಿದ್ದಳು. ಆ ಹುಡುಗಿ ಎರಡನೇ ಸಾಲಿನ ಕೊನೆಗೆ ಉಸಿರು ಎಳೆದುಕೊಂಡಳು. ಅವ್ವ ಎಳೆದುಕೊಳ್ಳುತ್ತಿದ್ದ ಜಾಗವೇ ಅದು. ನಾನು ಎದ್ದು ಹೊರಗೆ ಹೋದೆ. ನೀರಿನ ಟಾಕಿಯ ಹಿಂದೆ ನಿಂತು ಅತ್ತೆ. ಜವಾನ ಬಂದು ನೋಡಿ, ಏನೂ ಕೇಳದೆ ಒಂದು ಲೋಟ ನೀರು ಇಟ್ಟು ಹೋದ.

ಮುಖ ತೊಳೆಯುವಾಗಲೇ ಭಯ ಬಂತು. ಶುರುವಾಯಿತಾ? ರಾತ್ರಿ ನೋಟ್‌ಬುಕ್‌ನಲ್ಲಿ ಬರೆದೆ. "ಅಳು ಬಂತು. 20 ನಿಮಿಷ. ಆಮೇಲೆ ಹಸಿವಾಯಿತು, ಎರಡು ರೊಟ್ಟಿ ತಿಂದೆ." ಮರುದಿನ ಬೆಳಿಗ್ಗೆ, "ನಿದ್ದೆ 7 ಗಂಟೆ." ಅದನ್ನು ಓದಿ ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಕಾಯಿಲೆ ಅಲ್ಲ. ನಿಮ್ಮ ತಾಯಿಗಾಗಿ ನಿಮಗೆ ಬರಬೇಕಾಗಿದ್ದ ದುಃಖ. ಹದಿನೆಂಟು ತಿಂಗಳು ತಡವಾಗಿ ಬಂದಿದೆ" ಅಂದರು.

ದುಃಖಕ್ಕೂ ಡಿಪ್ರೆಶನ್ನಿಗೂ ಇರುವ ಅಂತರ ಅವತ್ತು ನನಗೆ ಮೈಗೆ ತಿಳಿಯಿತು. ಆ ದುಃಖಕ್ಕೆ ಒಂದು ಹೆಸರಿತ್ತು, ಅವ್ವ. ಅದು ಬಂತು, ಉಕ್ಕಿತು, ಇಳಿಯಿತು, ಹಸಿವನ್ನು ಉಳಿಸಿ ಹೋಯಿತು. ಡಿಪ್ರೆಶನ್ ಹಾಗೆ ಅಳಲೂ ಬಿಡುತ್ತಿರಲಿಲ್ಲ. ಎಲ್ಲರಿಗೂ ಹೀಗೇ ಇರುತ್ತದೆ ಅಂತ ನಾನು ಹೇಳಲಾರೆ. ದುಃಖವೇ ಡಿಪ್ರೆಶನ್ನಿಗೆ ತಿರುಗುವುದೂ ಉಂಟು. ಅದಕ್ಕೇ ಬರೆದಿಡುವುದು, ತೋರಿಸುವುದು.

ಸಂತೋಷವನ್ನು ನಂಬಲು ಇನ್ನೂ ಜಾಸ್ತಿ ಸಮಯ ಬೇಕಾಯಿತು. ಅದಕ್ಕೆ ನಾನೇ ಒಂದು ಪರೀಕ್ಷೆ ಕಂಡುಕೊಂಡಿದ್ದೇನೆ. ಡಾಕ್ಟರ ಪುಸ್ತಕದಲ್ಲಿ ಇಲ್ಲ, ನನಗೆ ಆಗಿಬಂದದ್ದು. ಹಾಡು ಕೇಳುತ್ತಾ ಮನಸ್ಸು ಹಿಗ್ಗಿದಾಗ, ನಡುವೆಯೇ ನಿಲ್ಲಿಸುತ್ತೇನೆ. ಗಾಯಕರ ತಾನ್, ಅಂದರೆ ವೇಗದ ಸ್ವರಗಳ ಓಟ, ಅರ್ಧಕ್ಕೆ ಬಂದಿದ್ದರೂ ನಿಲ್ಲಿಸುತ್ತೇನೆ. ಎದ್ದು ಹೋಗಿ ಹಿಟ್ಟು ನಾದುತ್ತೇನೆ. ಹಿಟ್ಟು ನಾದುವಾಗಲೂ ಆ ಹಿಗ್ಗು ಮೆತ್ತಗೆ ಜೊತೆಗಿದ್ದರೆ, ಅಥವಾ ನಿಧಾನ ಕರಗಿದರೆ, ಅದು ನನ್ನದು. ನಿಲ್ಲಿಸಲು ಆಗದಿದ್ದರೆ, ಇನ್ನೊಂದೇ ಸಲ, ಇನ್ನೊಂದೇ ಸಲ ಅಂತ ಕೈ ಹೋದರೆ, ಆ ರಾತ್ರಿ ಮೊಬೈಲನ್ನು ತಂಗಿಯ ಕೈಗೆ ಕೊಡುತ್ತೇನೆ. ಎರಡು ರಾತ್ರಿ ನಿದ್ದೆ ಕಡಿಮೆಯಾದರೆ ಡಾಕ್ಟರಿಗೆ ಫೋನ್. 2014ರ ಆ ಐವತ್ತು ಅರವತ್ತು ಸಲದ ರಾತ್ರಿಯಿಂದ ಕಲಿತದ್ದು ಇದು.

ರೆಕಾರ್ಡಿಂಗ್ ಕೂಡ ಬಿಟ್ಟಿಲ್ಲ. ಪ್ರತಿ ಭಾನುವಾರ ಒಂದೇ ಬಂದಿಶನ್ನು ಐದು ನಿಮಿಷ ಹಾಡಿ ತಂಗಿಗೆ ಕಳಿಸುತ್ತೇನೆ. ಅವಳು ಸಂಗೀತ ಕಲಿತಿಲ್ಲ. ಆದರೆ ನನ್ನ ಲಯ ಅವಳಿಗೆ ಗೊತ್ತು. ಒಂದು ಸಲ, "ಅಕ್ಕಾ, ಯಾಕ ಇಷ್ಟು ಅವಸರ ಮಾಡಾಕತ್ತೀ? ರಾತ್ರಿ ಮಲ್ಕೊಂಡಿಲ್ಲೇನು?" ಅಂತ ಉತ್ತರ ಬಂತು. ನಾನು ಚೆನ್ನಾಗಿಯೇ ಇದ್ದೇನೆ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಮೂರು ರಾತ್ರಿ ನಾಲ್ಕು ನಾಲ್ಕು ತಾಸು ಮಲಗಿದ್ದೆ. ನನಗಿಂತ ಮೊದಲು ಅವಳಿಗೆ ಕೇಳಿಸಿತು. ಆ ಸಲ ಆಸ್ಪತ್ರೆ ಸೇರುವ ಪ್ರಸಂಗ ಬರಲಿಲ್ಲ.

ಬಿಟ್ಟುಕೊಟ್ಟದ್ದೂ ಇದೆ. ನಮ್ಮ ಕಡೆ ಅಹೋರಾತ್ರಿ ಸಂಗೀತದ ಸುಖ ಗೊತ್ತಿಲ್ಲದವರು ಯಾರು? ಕುಂದಗೋಳದ ನಾಡಗೀರ ವಾಡೆಯಲ್ಲಿ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಬೆಳಗಿನ ತನಕ ಕೂತವಳು ನಾನು. ನಸುಕಿನಲ್ಲಿ ಭೈರವ ಶುರುವಾದಾಗ ಆಗುವ ಅನುಭವಕ್ಕೆ ಸಾಟಿ ಇಲ್ಲ. ಆದರೆ ನಿದ್ದೆಗೆಡುವುದು ಮೇನಿಯಾಕ್ಕೆ ಬಾಗಿಲು ತೆರೆದ ಹಾಗೆ. ಈಗ ಒಂಬತ್ತು ಗಂಟೆಗೆ ಎದ್ದು ಬರುತ್ತೇನೆ. ಹೊರಗೆ ಚಪ್ಪಲಿ ಹುಡುಕುವಾಗ ಒಳಗಿನ ಷಡ್ಜ ಕೇಳುತ್ತದೆ. ಪ್ರತಿ ಸಲವೂ ಸಂಕಟವಾಗುತ್ತದೆ. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ, "ಸಂಕಟ".

ಮನೆಯವರು ತುಂಬಾ ಜನ ಬಂದಿದ್ದೀರಿ. ನಿಮಗೆ ಎರಡು ಮಾತು. ಡಿಪ್ರೆಶನ್ನಿನಲ್ಲಿ ಇರುವವರಿಗೆ ಖುಷಿಯಾಗಲಿ ಅಂತ ಕುಣಿಯುವ ಹಾಡು ಹಚ್ಚಬೇಡಿ. ಅದು ಅವರಿಗೆ ಬೇರೆ ಊರಿನ ಜಾತ್ರೆಯ ಸದ್ದಿನ ಹಾಗೆ ಕೇಳಿಸುತ್ತದೆ. 1940ರ ದಶಕದಲ್ಲಿ ಐರಾ ಆಲ್ಟ್‌ಷುಲರ್ ಅನ್ನುವ ಅಮೆರಿಕದ ಮನೋವೈದ್ಯರು ಒಂದು ವಿಧಾನ ಹೇಳಿದರು. ಮೊದಲು ಕೇಳುವವರ ಮನಸ್ಥಿತಿಗೆ ಹೊಂದುವ ಸಂಗೀತ, ಆಮೇಲೆ ಸ್ವಲ್ಪ ಸ್ವಲ್ಪವೇ ಬೇರೆ ಕಡೆಗೆ. ಸಂಗೀತ ಚಿಕಿತ್ಸೆ ಮಾಡುವವರು ಇವತ್ತಿಗೂ ಅದನ್ನು ಅನುಸರಿಸುತ್ತಾರೆ. ನಿಧಾನದ್ದು, ಮೆಲ್ಲಗಿನದ್ದು ಹಚ್ಚಿ, ನೀವೂ ಜೊತೆಗೆ ಕೂಡಿ. ಅವರು ಬೇಡ ಅಂದರೆ ಬಂದ್ ಮಾಡಿ, ಬೇಜಾರಾಗಬೇಡಿ. ತೀರಾ ಆಳದ ಡಿಪ್ರೆಶನ್ನಿನಲ್ಲಿ ನನಗೆ ಯಾವ ಸಂಗೀತವೂ ಮುಟ್ಟಲಿಲ್ಲ. ಆಗ ಕೆಲಸ ಮಾಡಿದ್ದು ಗುಳಿಗೆ, ಮತ್ತು ತಂಗಿ ಕಲಸಿ ಬಾಯಿಗಿಟ್ಟ ಮೊಸರನ್ನ.

ಇನ್ನೊಂದು, ನೋವಿನ ಹಾಡುಗಳನ್ನು ರಾತ್ರಿ ಒಬ್ಬರೇ ಕೂತು ಮತ್ತೆ ಮತ್ತೆ ಕೇಳುತ್ತಿದ್ದರೆ ಗಮನ ಕೊಡಿ. ಹತ್ತಿರ ಹೋಗಿ ನೇರವಾಗಿ ಕೇಳಿ, "ಬದುಕುವುದೇ ಬೇಡ ಅನ್ನಿಸ್ತಾ ಇದೆಯಾ?" ಅಂತ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 14416 ಟೆಲಿ-ಮನಸ್ ಸಹಾಯವಾಣಿ, 2022ರಿಂದ ಇದೆ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಇಲ್ಲ. ನಮ್ಮ ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ.

ಮೊನ್ನೆ ಒಬ್ಬ ಹುಡುಗ ನನ್ನನ್ನು ಕೇಳಿದ. "ಮೇಡಂ, ನಾನು ಗಿಟಾರ್ ಬಾರಿಸುತ್ತಿದ್ದೆ. ಕಾಯಿಲೆ ಬಂದ ಮೇಲೆ ಆಗುತ್ತಿಲ್ಲ. ನನ್ನ ಸಂಗೀತ ಹೋಯಿತಾ?" ಅವನಿಗೆ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಕಥೆ ಹೇಳಿದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ನಮ್ಮವರು. 1940ರ ದಶಕದ ಕೊನೆಗೆ ಕ್ಷಯ ಹಿಡಿದು ಒಂದು ಶ್ವಾಸಕೋಶ ಹಾಳಾಯಿತು. ಹಾಡಲೇಬಾರದು ಅಂದರು ಡಾಕ್ಟರು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿದ್ದರು. ಮಾಳವದ ಜನ ಹೊರಗೆ ಹಾಡಿಕೊಂಡು ಹೋಗುತ್ತಿದ್ದುದನ್ನು ಕೇಳಿದರು. 1950ರ ದಶಕದಲ್ಲಿ ಮತ್ತೆ ಹಾಡಿದಾಗ ಮೊದಲಿನ ಕುಮಾರ ಇರಲಿಲ್ಲ, ಬೇರೆಯೇ ಹಾಡು ಬಂದಿತ್ತು. ಅವರಿಗಿದ್ದದ್ದು ಮೈಯ ಕಾಯಿಲೆ, ನಮ್ಮದು ಬೇರೆ. ನಾವೆಲ್ಲ ಕುಮಾರ ಗಂಧರ್ವರಾಗುವುದೂ ಇಲ್ಲ. ನಾನು ಆ ಹುಡುಗನಿಗೆ ಹೇಳಿದ್ದು ಇಷ್ಟೇ. "ಸದ್ಯ ಬಾರಿಸಬೇಡ. ದಿನಾ ಒಂದೇ ಹೊತ್ತಿಗೆ ಗಿಟಾರನ್ನು ತೊಡೆ ಮೇಲೆ ಇಟ್ಟುಕೊಂಡು ಹತ್ತು ನಿಮಿಷ ಬೇರೆಯವರದ್ದು ಕೇಳು. ಆಮೇಲೆ ಒಂದು ಪದ ಬರೆ. ಏನಿಲ್ಲ ಅಂದರೆ ಏನಿಲ್ಲ ಅಂತಲೇ ಬರೆ." ಹೋದ ವಾರ ಮೆಸೇಜ್ ಕಳಿಸಿದ್ದ. ಒಂದೇ ಪದ. "ಕಿರಿಕಿರಿ."

ಏಳೂ ಇಪ್ಪತ್ತಾಯಿತು. ನಾನು ಎಂಟೂವರೆಗೆ ಊಟ ಮಾಡಬೇಕು, ಒಂಬತ್ತಕ್ಕೆ ಗುಳಿಗೆ. ಎಂಟರ ಬಸ್ಸು ಹಿಡಿಯುವವರು ಈಗ ಹೊರಟರೂ ಬೇಸರವಿಲ್ಲ. ಉಳಿದವರಿಗೆ, ಈ ಎರಡನೇ ತಂತಿಯ ದಾರವನ್ನು ಮತ್ತೆ ಜಾಗಕ್ಕೆ ತರುತ್ತೇನೆ. ಸ್ವಲ್ಪ ಹೊತ್ತು ಬೇಕು, ಅವಸರ ಮಾಡಿದರೆ ಇದು ಕೂಡುವುದಿಲ್ಲ. ಆಮೇಲೆ ಐದು ನಿಮಿಷ ಸುಮ್ನೆ ಮೀಟುತ್ತೇನೆ. ಕಣ್ಣು ಮುಚ್ಚಬೇಕು ಅಂತಿಲ್ಲ. ಏನೂ ಅನ್ನಿಸದಿದ್ದರೂ ನಡೆಯುತ್ತದೆ.